ಕೇಡಿಗೆ ಕೋರೆಹಲ್ಲಿಲ್ಲ
(ವಿದ್ಯಾರ್ಥಿಗಳ ಶಿಬಿರದಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಕೇಡು ಎಂದೊಡನೆ ಕೋರೆಹಲ್ಲಿನ ರಕ್ಕಸನೊಬ್ಬ ಕಣ್ಣಮುಂದೆ ನಿಲ್ಲುತ್ತಾನೆ. ಯಕ್ಷಗಾನದ ರಂಗಸ್ಥಳದಲ್ಲಿ ಅವನನ್ನು ಗುರುತಿಸುವುದು ಸುಲಭ. ಬಣ್ಣದ ವೇಷವೇ ಅವನಾರೆಂದು ಸಾರುತ್ತದೆ. ಲೋಕದಲ್ಲಿ ಕೇಡಿಗೆ ಅಂತಹ ವೇಷವಿಲ್ಲ. ಕಾಸರಗೋಡಿನ ಗೇರುತೋಟಗಳೇ ಇದಕ್ಕೆ ಸಾಕ್ಷಿ.

ಅಲ್ಲಿ 1970ರ ದಶಕದ ಕೊನೆಯಿಂದ 2000ನೆಯ ಇಸವಿಯವರೆಗೆ ಕೇರಳದ ಸರಕಾರಿ ಪ್ಲಾಂಟೇಶನ್ ಕಾರ್ಪೊರೇಶನ್ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿತು. ಗುರಿ, ಗೇರಿನ ಚಿಗುರು ಹೂಗಳ ರಸ ಹೀರುವ ಟೀ ಸೊಳ್ಳೆ. ತೋಟಗಳು ಗುಡ್ಡದ ಮೇಲೆ, ಮನೆಗಳು ಕಣಿವೆಯಲ್ಲಿ. ಬಾವಿಗಳನ್ನು ಮುಚ್ಚಿಡಿ ಎಂಬ ಸೂಚನೆ ಬರುತ್ತಿತ್ತು. ಆದರೆ ಅಲ್ಲಿನ ಅನೇಕ ಮನೆಗಳಿಗೆ ನೀರು ಬರುವುದು ಗುಡ್ಡವನ್ನು ಕೊರೆದ ಸುರಂಗದಿಂದ. ಹರಿದುಬರುವ ನೀರಿಗೆ, ತೋಡಿಗೆ ಮುಚ್ಚಳ ಹಾಕುವುದೆಂತು?

ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯಗಳು ಮನೆಮನೆಯಲ್ಲಿ ಕಾಣಿಸಿಕೊಂಡಾಗ, ಇದು ದೈವದ ಮುನಿಸೆಂದು ಹಲವರು ಭಾವಿಸಿದರು. ನೊಂದವನು ತನ್ನಲ್ಲೇ ತಪ್ಪನ್ನು ಹುಡುಕುವಂತೆ ಮಾಡುವುದು ಕೇಡಿನ ಎರಡನೆಯ ಪೆಟ್ಟು. ಅಲ್ಲಿಯ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ರೋಗಗಳ ಈ ದಟ್ಟಣೆಯನ್ನು ಗಮನಿಸಿ, ಕಾರಣವನ್ನು ಹೊರಗೆ ಹುಡುಕಿದರು.

ಹಾಗಾದರೆ ದುಷ್ಟರು ಯಾರು? ಶಿಫಾರಸು ಮಾಡಿದ ತಜ್ಞನೇ? ಸಹಿ ಹಾಕಿದ ಅಧಿಕಾರಿಯೇ? ಹೆಲಿಕಾಪ್ಟರ್ ನಡೆಸಿದವನೇ? ಇವರಲ್ಲಿ ಯಾರಿಗೂ ಕಣಿವೆಯ ಮಕ್ಕಳ ಮೇಲೆ ಹಗೆಯಿರಬೇಕಾಗಿರಲಿಲ್ಲ. ಅವರವರ ಪಾಲಿನ ಕೆಲಸವನ್ನು ಅವರವರು ಮಾಡಿದರೆ ಸಾಕಿತ್ತು. ತಿಳಿಯದೆ ಮಾಡಿದ್ದನ್ನು ಪ್ರಮಾದವೆನ್ನಬಹುದು. ಆದರೆ ದೂರು ಕಿವಿಗೆ ಬಿದ್ದ ಮೇಲೂ ಬಂದು ನೋಡದಿದ್ದರೆ, ಅಲ್ಲಿಂದ ಮುಂದೆ ಅಜ್ಞಾನವು ಆಯ್ದುಕೊಂಡ ಅಜ್ಞಾನ. ಪ್ರಮಾದವು ಕೇಡಾಗುವುದು ಅಲ್ಲಿಯೇ.

ಬೇರೆ ದಾರಿಯೂ ಇತ್ತು. ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ಹೊಸದುರ್ಗದ ನ್ಯಾಯಾಲಯಕ್ಕೆ ಹೋಗಿ, 1998ರಲ್ಲಿ ವೈಮಾನಿಕ ಸಿಂಪಡಣೆಗೆ ತಡೆ ತಂದರು. ವ್ಯವಸ್ಥೆಯ ಒಳಗಿದ್ದವರಿಗೂ ಕಣ್ಣು ತೆರೆಯುವುದು ಅಸಾಧ್ಯವಾಗಿರಲಿಲ್ಲ.

2011ರಲ್ಲಿ ಸುಪ್ರೀಂ ಕೋರ್ಟ್ ಎಂಡೋಸಲ್ಫಾನನ್ನು ದೇಶಾದ್ಯಂತ ತಡೆಯಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರಕಾರಕ್ಕೆ ಆದೇಶಿಸಿತು. ಆದರೂ ಹಾಸಿಗೆ ಹಿಡಿದ ಮಗನನ್ನು ದಿನವೂ ಎತ್ತಿ ಮೀಯಿಸುವ ತಾಯಿಗೆ, ತನ್ನ ಬಳಿಕ ಇವನಿಗೆ ಯಾರು ಎಂಬ ಚಿಂತೆ ತಪ್ಪಲಿಲ್ಲ. ನಮ್ಮ ಬೆಳ್ತಂಗಡಿಯ ಕೊಕ್ಕಡದಲ್ಲಿಯೂ ಅದೇ ಚಿಂತೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ಮುಂದೆ ಶಿಫಾರಸು ಬರೆಯುವವರು, ಸಹಿ ಹಾಕುವವರು. ಯಾರಾದರೂ ಬಂದು ‘ನೀರು ಕೆಟ್ಟಿದೆ’ ಎಂದರೆ ಕಡತ ತೆರೆಯುವ ಮೊದಲು ಆ ತೋಡಿನ ಬಳಿಗೆ ಹೋಗಿರಿ.