ಹೊಸ ಕೈ, ಹಳೆಯ ಕಿವಿ

ಹವ್ಯಾಸಗಳಲ್ಲಿ ಎರಡು ಬಗೆಯುಂಟು. ಅಂಚೆಚೀಟಿ ಕೂಡಿಸುವವನೂ ಗುಲಾಬಿ ಬೆಳೆಸುವವನೂ ತಮ್ಮ ಪಾಡಿಗೆ ತಾವಿರಬಲ್ಲರು; ಜೊತೆಗಾರನಿಲ್ಲದಿದ್ದರೂ ಅವರ ಸಂತೋಷಕ್ಕೆ ಕುಂದಿಲ್ಲ. ಹವ್ಯಾಸಿ ಬಾನುಲಿಯ ಪಾಡು ಹಾಗಲ್ಲ. ಸರಕಾರದ ಪರೀಕ್ಷೆಗೆ ಕುಳಿತು, ಪರವಾನಗಿ ಪಡೆದು, ಮನೆಯ ಮೂಲೆಯೊಂದರಲ್ಲಿ ಯಂತ್ರಗಳನ್ನು ಇರಿಸಿಕೊಂಡು, ಮಾಳಿಗೆಯ ಮೇಲೆ ತಂತಿ ಎಳೆದು, ಮುಖ ಕಾಣದವರೊಡನೆ ಮಾತನಾಡುವ ಈ ಹವ್ಯಾಸದಲ್ಲಿ ಕರೆದವನಿಗೆ ಓಗೊಡುವ ಇನ್ನೊಬ್ಬನು ಬೇಕೇ ಬೇಕು. ಜನ ಇದನ್ನು ‘ಹ್ಯಾಮ್ ರೇಡಿಯೊ’ ಎನ್ನುತ್ತಾರೆ. ಹಳಬರು ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದರ ಮೇಲೆಯೇ ಇದರ ಬಾಳ್ವೆ ನಿಂತಿದೆ. ಓಗೊಡುವವರಿಲ್ಲದೆ ಮೂರು ಸಂಜೆ ಕಳೆದ ಹುಡುಗ ನಾಲ್ಕನೆಯ ಸಂಜೆ ಯಂತ್ರದ ಮೇಲೆ ಬಟ್ಟೆ ಹೊದಿಸಿ ಎದ್ದುಬಿಡುತ್ತಾನೆ.

‘ಹ್ಯಾಮ್’ ಎಂಬ ಹೆಸರೇ ಮೊದಲಿಗೆ ಒಂದು ಬೈಗುಳವಾಗಿತ್ತೆಂಬುದು ಸ್ವಾರಸ್ಯದ ಸಂಗತಿ. ಅಮೆರಿಕದ ತಂತಿ ಕಚೇರಿಗಳಲ್ಲಿ ಕೈ ಪಳಗದ, ಒರಟಾಗಿ ಕೀ ಒತ್ತುವ ನೌಕರನನ್ನು ಹಾಗೆಂದು ಹೀಯಾಳಿಸುತ್ತಿದ್ದರು. ನಿಸ್ತಂತು ಬಂದಾಗ ವೃತ್ತಿಯವರು ಅದೇ ಮಾತನ್ನು ಹವ್ಯಾಸಿಗಳ ಮೇಲೆ ಎಸೆದರು. ಹವ್ಯಾಸಿಗಳು ಅದನ್ನು ಎತ್ತಿಕೊಂಡು ಬಿರುದಿನಂತೆ ಧರಿಸಿದರು. ಆದರೆ ಹೀಯಾಳಿಕೆಗೆ ಗುರಿಯಾದವನು ಹೀಯಾಳಿಸುವುದನ್ನು ಮರೆಯುತ್ತಾನೆಂಬ ಭರವಸೆಯೇನೂ ಇಲ್ಲ. ಈ ಹ್ಯಾಮ್‌ಗಳೇ ತಮ್ಮೊಳಗಿನ ಅಡ್ಡಾದಿಡ್ಡಿ ಕೈಯವನಿಗೆ ‘ಲಿಡ್’ ಎಂದು ಹೆಸರಿಟ್ಟರು. ಆ ಮಾತು ಇಂದಿಗೂ ಬಳಕೆಯಲ್ಲಿದೆ.

1914ರಲ್ಲಿ ಟಸ್ಕಾ ಎಂಬ ತರುಣನೊಡನೆ ಅಮೆರಿಕದ ಹವ್ಯಾಸಿಗಳ ಸಂಘ ಕಟ್ಟಿದ ಹೈರಮ್ ಪರ್ಸಿ ಮ್ಯಾಕ್ಸಿಮ್ ಗಂಭೀರ ಸ್ವಭಾವದ ಎಂಜಿನಿಯರು. ಅವರೇ ಸಂಘದ ಪತ್ರಿಕೆ ‘ಕ್ಯು ಎಸ್ ಟಿ’ಯಲ್ಲಿ ‘ಮುದುಕ’ ಎಂಬ ಗುಪ್ತನಾಮದಿಂದ ಗೊಣಗಾಟದ ಲೇಖನಗಳನ್ನು ಬರೆದರು. ಗಾಳಿಯಲ್ಲಿ ಗಲಾಟೆ ಮಾಡುವವರನ್ನು ದಂಡಿಸಲು ‘ವೂಫ್ ಹಾಂಗ್’ ಎಂಬ ಆಯುಧವೊಂದನ್ನು 1917ರಲ್ಲಿ ಅಲ್ಲಿಯೇ ಕಲ್ಪಿಸಿದರು. ಮರದ ತುಂಡುಗಳನ್ನು ತಂತಿಯಿಂದ ಬಿಗಿದ ಆ ವಿಕಾರ ವಸ್ತು ಸಂಘದ ಕಚೇರಿಯಲ್ಲಿ ಉಳಿದುಬಂದಿದೆ. ಆ ಮುದುಕ ಯಾರೆಂಬುದು 1936ರಲ್ಲಿ ಮ್ಯಾಕ್ಸಿಮ್ ತೀರಿಕೊಂಡ ಮೇಲಷ್ಟೇ ಬಯಲಾಯಿತು. ಅದರಲ್ಲಿ ನಗೆಯಿತ್ತು, ನಿಜ. ಆದರೆ ನಗೆಯೊಳಗೂ ಒಂದು ಬೆತ್ತವಿತ್ತು.

ಈ ಹವ್ಯಾಸದ ಮೊದಲ ಭಾಷೆ ಮೋರ್ಸ್ ಸಂಕೇತ. ಕುಳ್ಳು ಸದ್ದು, ಉದ್ದ ಸದ್ದು, ನಡುವೆ ಮೌನ, ಇಷ್ಟೇ ಬಂಡವಾಳ. ನಾನು ಎಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಇದನ್ನು ಕಲಿತಾಗ ಕೆಳಗಿನ ಶ್ರೇಣಿಯ ಪರೀಕ್ಷೆಗೆ ಬೇಕಾದ ವೇಗ ನಿಮಿಷಕ್ಕೆ 5 ಪದ. ಪದಕ್ಕೆ 5 ಅಕ್ಷರವೆಂದು ಲೆಕ್ಕವಾದ್ದರಿಂದ ಒಂದೊಂದು ಅಕ್ಷರಕ್ಕೂ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಸಿಗುತ್ತದೆ. ನಿಮಿಷಕ್ಕೆ 25 ಪದ ಕಳಿಸುವ ಪಳಗಿದ ಕೈಯಿಂದ ಒಂದೇ ಸೆಕೆಂಡಿನಲ್ಲಿ ಎರಡು ಅಕ್ಷರ ಹರಿದುಬರುತ್ತವೆ. ಹೊಸಬನ ಕಿವಿಗೆ ಅದು ತಗಡಿನ ಮಾಡಿನ ಮೇಲೆ ಸುರಿವ ಮಳೆ. ಹನಿಯನ್ನು ಹನಿಯಿಂದ ಬೇರ್ಪಡಿಸಲಾಗದು.

ಇದಕ್ಕಾಗಿಯೇ ಒಂದು ಸಂಕೇತವಿದೆ: ಕ್ಯು ಆರ್ ಎಸ್. ‘ನಿಧಾನವಾಗಿ ಕಳಿಸಿ’ ಎಂದು ಅದರ ಅರ್ಥ. ಮೂರಕ್ಷರದ ಆ ಬಿನ್ನಹ ಬಂದಾಗ ಹಿರಿಯನು ಏನು ಮಾಡುತ್ತಾನೆ ಎಂಬುದರಲ್ಲಿ ಅವನ ಹಿರಿತನವೆಲ್ಲ ಅಡಗಿದೆ. ಕೆಲವರು ಕೇಳಿಸಿಕೊಳ್ಳದವರಂತೆ ಇನ್ನೊಂದು ತರಂಗಕ್ಕೆ ಸರಿದುಬಿಡುತ್ತಾರೆ. ಕೆಲವರು ಬೇಕೆಂದೇ ಇನ್ನಷ್ಟು ರಭಸ ತೋರುತ್ತಾರೆ. ಬಲ್ಲವರು ಕೈ ಸಡಿಲಿಸುತ್ತಾರೆ. ಕರೆದವನ ವೇಗದಲ್ಲಿಯೇ ಅವನಿಗೆ ಉತ್ತರಿಸಬೇಕೆಂಬುದು ಇಲ್ಲಿಯ ಹಳೆಯ ಮರ್ಯಾದೆ. ವೇಗವಾಗಿ ಕಳಿಸುವುದು ಅಭ್ಯಾಸದಿಂದ ಬರುತ್ತದೆ. ವೇಗ ಬಲ್ಲವನು ನಿಧಾನವಾಗಿ, ಆದರೂ ಸೊಗಸು ಕೆಡದಂತೆ ಕಳಿಸುವುದಕ್ಕೆ ಮನಸ್ಸೂ ಬೇಕು. ದೊಡ್ಡ ಗಾಯಕರು ಮಗುವಿಗೆ ಸರಳೆವರಸೆ ಹೇಳಿಕೊಡುವಾಗ ಇಂಥದೊಂದು ತಾಳ್ಮೆಯನ್ನು ನಾವು ಕಂಡಿದ್ದೇವೆ.

ಪಾಲ್ ಸೀಗಲ್ ಎಂಬ ಹವ್ಯಾಸಿ 1928ರಲ್ಲಿ ಹ್ಯಾಮ್‌ಗಳಿಗೆಂದು ಆರು ಗುಣಗಳ ಒಂದು ನೀತಿಸಂಹಿತೆ ಬರೆದರು. ಅದರಲ್ಲಿ ಸ್ನೇಹವೂ ಒಂದು ಗುಣ. ಸ್ನೇಹವೆಂದರೇನು ಎಂಬುದನ್ನು ಅವರು ಭಾವುಕವಾಗಿ ವಿವರಿಸಲಿಲ್ಲ. ಕೇಳಿಕೊಂಡಾಗ ನಿಧಾನವಾಗಿ ಕಳಿಸುವುದನ್ನೂ ಹೊಸಬನಿಗೆ ಬುದ್ಧಿಮಾತು ಹೇಳುವುದನ್ನೂ ಅದರ ಲಕ್ಷಣವಾಗಿ ಇಟ್ಟರು. ಕೈಯ ವೇಗವನ್ನು ಅಳೆಯಬಹುದಾದ್ದರಿಂದ ಈ ನೀತಿಯನ್ನು ಪಾಲಿಸಿದೆಯೋ ಇಲ್ಲವೋ ಎಂಬುದನ್ನೂ ಅಳೆಯಬಹುದು!

ಹೊಸಬನಿಗೆ ಮೊದಲ ದಾರಿ ತೋರಿದವನಿಗೆ ಅಮೆರಿಕದಲ್ಲಿ ‘ಎಲ್ಮರ್’ ಎಂದು ಹೆಸರು. 1971ರಲ್ಲಿ ಅದೇ ‘ಕ್ಯು ಎಸ್ ಟಿ’ ಪತ್ರಿಕೆಯ ಅಂಕಣಕಾರ ರಾಡ್ ನ್ಯೂಕರ್ಕ್ ತಮ್ಮ ಬರಹದಲ್ಲಿ ಎಲ್ಮರ್ ಎಂಬ ಹೆಸರಿನ ಹಿರಿಯ ಹ್ಯಾಮ್ ಒಬ್ಬರನ್ನು ನೆನೆದು, ಅಂಥವರನ್ನೆಲ್ಲ ಆ ಹೆಸರಿನಿಂದ ಕರೆದರು. ವ್ಯಕ್ತಿಯ ಹೆಸರು ಜಾತಿವಾಚಕವಾಯಿತು. ಗುರು ಎಂಬ ಮಾತು ಸಾವಿರಾರು ವರ್ಷಗಳಿಂದ ಇರುವ ನಮಗೆ ಇದು ಹೊಸದೆನಿಸದು. ಆದರೂ ಒಂದು ವ್ಯತ್ಯಾಸವುಂಟು. ಎಲ್ಮರ್‌ಗೆ ಪೀಠವಿಲ್ಲ, ದಕ್ಷಿಣೆಯಿಲ್ಲ; ಪರವಾನಗಿ ಬಂದ ದಿನ ಶಿಷ್ಯ ಸಮಾನನಾಗಿಬಿಡುತ್ತಾನೆ.

ನನಗೂ ಅಂಥವರೊಬ್ಬರಿದ್ದರು. ತಂತಿ ಇಲಾಖೆಯಿಂದ ನಿವೃತ್ತರಾದವರು. ಬಡಾವಣೆಯ ನಾವೆಲ್ಲ ಅವರನ್ನು ‘ರಾಯರು’ ಎಂದೇ ಕರೆಯುತ್ತಿದ್ದೆವು. ಆಗ ಯಂತ್ರವನ್ನು ಅಂಗಡಿಯಿಂದ ತರುವ ಭಾಗ್ಯ ಕೆಲವರದು ಮಾತ್ರ. ಸಾದರ ಪತ್ರಪ್ಪ ರಸ್ತೆಯಲ್ಲಿ ಅಲೆದು ಬಿಡಿಭಾಗ ತಂದು ನಾವೇ ಬೆಸುಗೆ ಹಾಕಿ ಕಟ್ಟಬೇಕು. ವಾಲ್ವ್ ಟ್ರಾನ್ಸ್‌ಮಿಟರಿನೊಳಗೆ ನೂರಾರು ವೋಲ್ಟಿನ ಮೃತ್ಯು ಕುಳಿತಿರುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ವಿದ್ಯುತ್ತು ಕಾದಿರುತ್ತದೆ. “ಒಂದು ಕೈ ಜೇಬಿನಲ್ಲಿರಲಿ ಕಣಪ್ಪ, ಎರಡೂ ಕೈ ಒಳಗಿಟ್ಟರೆ ಎದೆಯ ಮೂಲಕ ಹರಿಯುತ್ತೆ” ಎಂದು ರಾಯರು ಗದರುತ್ತಿದ್ದರು. ಆ ಗದರಿಕೆಯಲ್ಲಿ ಅವಮಾನವಿರಲಿಲ್ಲ. ಮೃದುವಾಗಿರುವುದೇ ದಯೆಯೆಂದು ನಾವು ಎಷ್ಟೋ ಸಲ ತಿಳಿಯುತ್ತೇವೆ. ಹೊಸಬನ ಜೀವದ ಪ್ರಶ್ನೆ ಬಂದಲ್ಲಿ ಬಿರುಸೂ ದಯೆಯೇ.

ಮೆಚ್ಚುಗೆಯ ಮಾತಿಗೂ ಇದು ಸಲ್ಲುತ್ತದೆ. ಹ್ಯಾಮ್‌ಗಳು ಭೇಟಿಯಾದಾಗ ಮೊದಲು ಪರಸ್ಪರರ ಸಂಕೇತದ ಗುಣವನ್ನು ಅಂಕಿಗಳಲ್ಲಿ ತಿಳಿಸುತ್ತಾರೆ: ಸ್ಪಷ್ಟತೆಗೆ 1ರಿಂದ 5, ಬಲಕ್ಕೆ 1ರಿಂದ 9, ಮೋರ್ಸಿನಲ್ಲಾದರೆ ನಾದಶುದ್ಧಿಗೂ 1ರಿಂದ 9. ಎಲ್ಲರಿಗೂ ಪೂರ್ತಿ ಅಂಕ ಹಂಚಿಬಿಡುವ ಉದಾರಿಗಳು ಬಹಳ. ಅದರಿಂದ ಹೊಸಬನಿಗೆ ಒಂದು ಕ್ಷಣದ ಹಿಗ್ಗು, ಬಹುಕಾಲದ ನಷ್ಟ. ಕೀ ಒತ್ತಿದಾಗಲೆಲ್ಲ ಅವನ ಯಂತ್ರ ಹಕ್ಕಿಯಂತೆ ಚಿಲಿಗುಟ್ಟುತ್ತಿದ್ದರೆ ಅದು ಅವನಿಗೆ ತಿಳಿಯುವುದು ದೂರದಲ್ಲಿ ಕೇಳುವವನಿಂದಲೇ. “ನಾದ ಅಲುಗುತ್ತಿದೆ, ವಿದ್ಯುತ್ ಪೂರೈಕೆಯನ್ನು ನೋಡಿಕೊಳ್ಳಿ” ಎಂದು ಹೇಳಿ, ಸರಿಪಡಿಸಿಕೊಂಡು ಬರುವವರೆಗೆ ಕಾಯುವವನೇ ನಿಜವಾದ ಹಿತೈಷಿ.

ಇನ್ನು ಒಂದು ಹಳೆಯ ಜಗಳದ ಮಾತು. 1951ರಲ್ಲಿ ಅಮೆರಿಕ ಸರಕಾರ ಹೊಸಬರಿಗೆಂದು ‘ನಾವಿಸ್’ ಎಂಬ ಸುಲಭ ಪರವಾನಗಿ ತಂದಿತು: 5 ಪದಗಳ ವೇಗ, 75 ವಾಟ್ ಶಕ್ತಿ, ಒಂದೇ ವರ್ಷದ ಅವಧಿ. 1991ರಲ್ಲಿ ಮೋರ್ಸ್ ಇಲ್ಲದೆಯೇ ಪಡೆಯಬಹುದಾದ ಪರವಾನಗಿ ಅಲ್ಲಿ ಬಂದಿತು. 2003ರ ಜಿನೀವಾ ಸಮ್ಮೇಳನ ಮೋರ್ಸ್ ಪರೀಕ್ಷೆಯನ್ನು ಆಯಾ ದೇಶಗಳ ಇಚ್ಛೆಗೆ ಬಿಟ್ಟಿತು. 2007ರಲ್ಲಿ ಅಮೆರಿಕ ಅದನ್ನು ಪೂರ್ತಿಯಾಗಿ ಕೈಬಿಟ್ಟಿತು. ನಮ್ಮಲ್ಲಿಯೂ ಮೋರ್ಸ್ ಬೇಡದ ನಿರ್ಬಂಧಿತ ಶ್ರೇಣಿಯುಂಟು. ಪ್ರತಿಯೊಂದು ಸಲವೂ ಹಳಬರ ಒಂದು ಪಾಳೆಯ ಗೊಣಗಿತು: ‘ಇವರು ಹ್ಯಾಮ್‌ಗಳೇ ಅಲ್ಲ; ನಾವು ಪಟ್ಟ ಪಾಡನ್ನು ಇವರು ಪಡಲಿಲ್ಲ.’

ಈ ಗೊಣಗಾಟವನ್ನು ನಾನು ಹಾಸ್ಯ ಮಾಡಲಾರೆ. ರಾತ್ರಿಗಳನ್ನು ವ್ಯಯಿಸಿ ಗಳಿಸಿದ ವಿದ್ಯೆ ಇನ್ನು ಬೇಕಿಲ್ಲವೆಂದು ಯಾರಾದರೂ ಸಾರಿದರೆ ನೋವಾಗುವುದು ಸಹಜ. ಆದರೆ ನೋವಿನ ಲೆಕ್ಕವನ್ನು ಮುಂದಿನವನಿಂದ ವಸೂಲು ಮಾಡುವುದು ಅತ್ತೆಯ ಮನೆಯ ನ್ಯಾಯ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂಬ ಗಾದೆಯಲ್ಲಿ ಸರದಿಯ ಸೇಡನ್ನು ಕಾಣುವವರೇ ಹೆಚ್ಚು. ಕಾಲ ಬದಲಾಗುತ್ತದೆಂಬ ಎಚ್ಚರಿಕೆಯೂ ಅದರಲ್ಲಿದೆ. ಪರೀಕ್ಷೆಯ ಒತ್ತಾಯ ಹೋದ ಮೇಲೂ ಮೋರ್ಸ್ ಸಾಯಲಿಲ್ಲ. ಒಲವಿನಿಂದ ಕಲಿಯುವವರು ಬರುತ್ತಲೇ ಇದ್ದಾರೆ. ಹಳಬರು ಬಾಗಿಲು ಕಾಯುವುದನ್ನು ಬಿಟ್ಟು ಒಳಗೆ ಕರೆದು ಕೂರಿಸಿದ ಕಡೆಗಳಲ್ಲಿ ಅದು ಹೆಚ್ಚು ಚೆನ್ನಾಗಿ ಉಳಿದಿದೆ ಎಂಬುದು ನನ್ನ ಅನುಭವ.

ಇದೆಲ್ಲ ಬಿಡುವಿದ್ದವರ ವಿನೋದವಲ್ಲವೆ ಎಂದು ಯಾರಾದರೂ ಕೇಳಬಹುದು. 2004ರ ಡಿಸೆಂಬರ್ 26ರ ಬೆಳಗ್ಗೆ ಅಂಡಮಾನಿನ ಪೋರ್ಟ್ ಬ್ಲೇರ್‌ನಲ್ಲಿ ದೆಹಲಿಯ ಭಾರತಿ ಪ್ರಸಾದ್ ಎಂಬ ಹ್ಯಾಮ್ ತಮ್ಮ ಸಂಗಡಿಗರೊಡನೆ ಹವ್ಯಾಸಕ್ಕೆಂದೇ ಯಂತ್ರ ಹೂಡಿದ್ದರು. ಭೂಮಿ ನಡುಗಿತು, ಸುನಾಮಿ ಬಂತು, ದೂರವಾಣಿ ತಂತಿಗಳು ಮೂಕವಾದವು. ವಿನೋದದ ಆ ಯಂತ್ರವೇ ದ್ವೀಪಗಳಿಗೂ ನಾಡಿಗೂ ನಡುವೆ ಸಂದೇಶಗಳ ಸೇತುವೆಯಾಯಿತು. ಅಂಥ ಹೊತ್ತಿನಲ್ಲಿ ಬೇಕಾಗುವುದು ದೊಡ್ಡ ದನಿಗಿಂತ ಹೆಚ್ಚಾಗಿ ಪಳಗಿದ ಕಿವಿ: ಯಾವಾಗ ಸುಮ್ಮನಿರಬೇಕು, ಕ್ಷೀಣವಾದ ಕರೆಗೆ ಹೇಗೆ ದಾರಿ ಬಿಡಬೇಕು, ಹೆಸರನ್ನೂ ಊರನ್ನೂ ತಪ್ಪಿಲ್ಲದೆ ಹೇಗೆ ಬರೆದುಕೊಳ್ಳಬೇಕು ಎಂಬ ಶಿಸ್ತು. ಇದನ್ನು ವಿಪತ್ತು ಬಂದ ದಿನ ಕಲಿಯಲಾಗುವುದಿಲ್ಲ. ಯಾವನೋ ಒಬ್ಬ ಹಿರಿಯನು ಎಂದೋ ಒಂದು ಸಂಜೆ, ತಡವರಿಸುವ ಒಂದು ಕೈಯನ್ನು ಬೇಸರಪಡದೆ ಕೇಳಿಸಿಕೊಂಡಾಗ ಆ ಪಾಠ ಮೊದಲಾಗಿರುತ್ತದೆ.

ಹೊಸಬನನ್ನು ಆದರಿಸುವುದು ಹಿರಿಯನ ಔದಾರ್ಯವೆಂದು ನಾವು ಹೊಗಳುತ್ತೇವೆ. ನನ್ನ ಮಟ್ಟಿಗೆ ಅದು ಅವನ ಸ್ವಂತ ಅಗತ್ಯವೂ ಹೌದು. ವರ್ಷ ಕಳೆದಂತೆ ಪರಿಚಿತ ಕರೆಹೆಸರುಗಳು ಒಂದೊಂದಾಗಿ ಗಾಳಿಯಿಂದ ಮರೆಯಾಗುತ್ತವೆ. ಮುಂದೊಂದು ದಿನ ಅವನ ಕೈಯೂ ನಡುಗಿ, ಅವನೇ ‘ನಿಧಾನವಾಗಿ ಕಳಿಸಿ’ ಎಂದು ಬಿನ್ನವಿಸಬೇಕಾದೀತು. ಆಗ ಆಚೆಯ ತುದಿಯಲ್ಲಿ ಕೈ ಸಡಿಲಿಸಿ ಉತ್ತರಿಸುವವರು ಇರಬೇಕಾದರೆ, ಅವರನ್ನು ಇಂದೇ ಬೆಳೆಸಿಕೊಂಡಿರಬೇಕು.