ಪಾದಯಾತ್ರೆಯ ಹಾಸು-ಹೊದಿಕೆ

(ತಿಪಟೂರಿನಲ್ಲಿ ಧರ್ಮಸ್ಥಳ ಪಾದಯಾತ್ರಿಗಳ ಮುಂದೆ ಮಾಡಿದ ಭಾಷಣ)



ಶಿವರಾತ್ರಿಗೆ ಧರ್ಮಸ್ಥಳಕ್ಕೆ ನಡೆಯುವ ತಮಗೆ ದಾರಿಯ ವಿಷಯವನ್ನು ನಾನು ಹೇಳಬೇಕಾಗಿಲ್ಲ. ಅರಸೀಕೆರೆ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರಗಳನ್ನು ದಾಟಿ ಚಾರ್ಮಾಡಿ ಇಳಿಯುವವರೆಗೆ ಹೆಗಲ ಮೇಲಿರುವ ಗಂಟಿನ ಬಗ್ಗೆ ಮಾತ್ರ ಒಂದೆರಡು ಮಾತು.

ತಿಪಟೂರಿನ ರಾತ್ರಿಯನ್ನು ನಂಬಿ ಹೊದಿಕೆ ಆರಿಸಬೇಡಿ. ಘಟ್ಟದ ನೆತ್ತಿಯಲ್ಲಿ ಬೆಳಗಿನ ಜಾವ ಇಬ್ಬನಿ ಸುರಿಯುತ್ತದೆ. ಮಲಗಿದವರ ಮೈಬಿಸಿಯನ್ನು ತಣ್ಣನೆಯ ನೆಲ ಬಹುಬೇಗ ಹೀರುತ್ತದೆ. ಎಷ್ಟು ಹೊದ್ದರೂ ಕೆಳಗೆ ಹಾಸಿಲ್ಲದಿದ್ದರೆ ಚಳಿ ಬಿಡದು. ಹತ್ತಿಯ ಜಮಖಾನ ನೆನೆದರೆ ಭಾರವಾಗುತ್ತದೆ, ಬೇಗ ಒಣಗುವುದೂ ಇಲ್ಲ. ಉಣ್ಣೆಯ ಕಂಬಳಿ ತುಸು ತೇವಗೊಂಡರೂ ಬೆಚ್ಚಗಿಡುತ್ತದೆ. ಚಳ್ಳಕೆರೆಯ ದಪ್ಪ ಕಂಬಳಿ ಭಾರವೆನಿಸಿದರೆ ತೆಳುವಾದುದನ್ನು ಕೊಳ್ಳಿ. ಅರ್ಧ ಹಾಸಿ, ಅರ್ಧ ಹೊದೆಯಿರಿ. ನಮ್ಮ ಹೆಮ್ಮೆಯ ತೆಂಗಿನ ನಾರಿನ ಹಾಸಿಗೆ ಮನೆಯಲ್ಲಿಯೇ ಇರಲಿ!

ತೆಳು ಪ್ಲಾಸ್ಟಿಕ್ ಹಾಳೆ ಹಗುರವೆಂಬುದು ನಿಜ, ಅಗ್ಗವೂ ಹೌದು. ಆದರೆ ಹೊದ್ದವರ ಬೆವರು ಹೊರಹೋಗದೆ ಒಳಗೇ ನೀರಾಗುತ್ತದೆ. ಎರಡು ರಾತ್ರಿಯಲ್ಲಿ ಹರಿದ ಹಾಳೆಯನ್ನು ಯಾರೂ ಮಡಿಸಿ ಹೊರುವುದಿಲ್ಲ. ಅದು ಚಾರ್ಮಾಡಿಯ ಇಳಿಜಾರಿನಲ್ಲಿ ಉಳಿಯುತ್ತದೆ, ಮಳೆಗಾಲದಲ್ಲಿ ಮೃತ್ಯುಂಜಯ ಹೊಳೆಗೆ ಇಳಿಯುತ್ತದೆ. ಆ ಹೊಳೆ ಸೇರುವುದು ನೇತ್ರಾವತಿಯನ್ನು. ಯಾತ್ರೆಯ ಕೊನೆಗೆ ತಾವು ಮೀಯುವುದೂ ಅದೇ ನೇತ್ರಾವತಿಯಲ್ಲಿ.

ಗಂಟು ಲಾರಿಯಲ್ಲಿ ಬರುತ್ತದೆ, ಭಾರದ ಚಿಂತೆಯೇಕೆ ಎನ್ನುವವರಿದ್ದಾರೆ. ಲಾರಿ ಹಿಂದುಳಿದ ರಾತ್ರಿ ಅವರಿಗೇ ಪ್ಲಾಸ್ಟಿಕ್ ಹಾಳೆ ನೆನಪಾಗುವುದು.

ಹೊರಡುವ ಮುನ್ನ ಒಂದು ರಾತ್ರಿ ಜಗಲಿಯ ಬರಿನೆಲದಲ್ಲಿ ಅದೇ ಕಂಬಳಿಯೊಡನೆ ಮಲಗಿ ನೋಡಿ. ಚಳಿಯೆನಿಸಿದರೆ ಗಂಟಿಗೆ ಒಂದು ಪಂಚೆ ಸೇರಿಸಿ. ಇನ್ನೊಂದು ಕಂಬಳಿ ಬೇಡ.