ಒಂದೇ ಸಾಲು, ಒಂದೇ ಫಾರಂ



ಸಮಾನತೆ ಎಂಬ ಮಾತನ್ನು ನಾವು ಸಾಮಾನ್ಯವಾಗಿ ಸ್ವಾತಂತ್ರ್ಯ ದಿನದ ಭಾಷಣಗಳಲ್ಲಿ ಕೇಳುತ್ತೇವೆ. ನಾನು ಅದನ್ನು ಬ್ಯಾಂಕಿನ ಕೌಂಟರಿನಲ್ಲಿ ಕಲಿತವನು. ಅದೂ ತಪ್ಪು ಮಾಡಿ ಕಲಿತವನು.

ನಮ್ಮ ಕಟ್ಟಬೆಟ್ಟಿನ ಸುತ್ತಿನ ಹಟ್ಟಿಗಳಲ್ಲಿ ಬಡಗ ಮಾತು, ತಮಿಳು, ಕನ್ನಡ ಮೂರೂ ಕಿವಿಗೆ ಬೀಳುತ್ತವೆ. ನಾನು ಗುಮಾಸ್ತನಾಗಿದ್ದಾಗ ಒಂದು ದಿನ, ಚಹಾ ಎಲೆ ಕೀಳುವ ಕೆಲಸದ ಒಬ್ಬ ಮುದುಕಿ ಪಾಸ್‌ಬುಕ್ಕು ಹಿಡಿದು ಬಂದರು. ಆಕೆಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಓದು ಬರಹವಂತೂ ಇಲ್ಲ. ಹಣ ತೆಗೆಯುವ ಫಾರಂ ಇದ್ದದ್ದು ತಮಿಳು, ಹಿಂದಿ, ಇಂಗ್ಲಿಷಿನಲ್ಲಿ. "ಇದನ್ನೊಂದು ತುಂಬಿಕೊಡಪ್ಪಾ" ಎಂದರು. ಸಾಲು ಉದ್ದವಾಗಿತ್ತು. "ಯಾರ ಕೈಲಾದರೂ ಬರೆಸಿಕೊಂಡು ಬನ್ನಿ ಅವ್ವಾ" ಎಂದುಬಿಟ್ಟೆ. ಆಕೆ ಸ್ವಲ್ಪ ಹೊತ್ತು ಅತ್ತಿತ್ತ ನೋಡಿ ಹೊರಟುಹೋದರು.

ಮರುದಿನ ನೆರೆಯ ಹುಡುಗನೊಬ್ಬನನ್ನು ಕರೆದುಕೊಂಡು ಬಂದಾಗ ವಿಷಯ ತಿಳಿಯಿತು. ಜ್ವರ ಬಂದ ಮೊಮ್ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಲು ಆ ಹಣ ಬೇಕಾಗಿತ್ತು. ಎರಡು ದಿನದ ಕೂಲಿಯೂ ಹೋಗಿತ್ತು. ನಾನು ಯಾವ ನಿಯಮವನ್ನೂ ಮುರಿದಿರಲಿಲ್ಲ. ಎಲ್ಲರಿಗೂ ಒಂದೇ ಸಾಲು, ಒಂದೇ ಫಾರಂ. ಆದರೂ ಆಕೆಗೆ ಅನ್ಯಾಯವಾಗಿತ್ತು. ಮಾಡಿದವನು ಆಕೆಯ ಭಾಷೆಯವನೇ ಆದ ನಾನು.

ಎಲ್ಲರನ್ನೂ ಒಂದೇ ರೀತಿ ನಡೆಸಿಕೊಂಡರೆ ಸಾಕೇ? 1950ರ ಜನವರಿ 26ರಂದು ಜಾರಿಗೆ ಬಂದ ನಮ್ಮ ಸಂವಿಧಾನದ 14ನೇ ವಿಧಿ, ಕಾನೂನಿನ ಮುಂದೆ ಎಲ್ಲರೂ ಸಮಾನರು ಎನ್ನುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳಿಂದಾಗಿ ಸರ್ಕಾರ ಭೇದ ಮಾಡಬಾರದು ಎನ್ನುತ್ತದೆ 15ನೇ ವಿಧಿ. ಆ ಪಟ್ಟಿಯಲ್ಲಿ ಭಾಷೆಯ ಹೆಸರಿಲ್ಲ. ಅದು ಕಾಣುವುದು 29ನೇ ವಿಧಿಯಲ್ಲಿ: ಸರ್ಕಾರ ನಡೆಸುವ ಅಥವಾ ಸರ್ಕಾರದ ನೆರವು ಪಡೆಯುವ ಶಾಲೆ ಕಾಲೇಜಿನಲ್ಲಿ ಭಾಷೆಯ ಕಾರಣಕ್ಕೆ ಯಾರಿಗೂ ಪ್ರವೇಶ ನಿರಾಕರಿಸುವಂತಿಲ್ಲ. 1956ರಲ್ಲಿ ಸೇರಿದ 350ಎ ವಿಧಿ, ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲೇ ಕಲಿಯಲು ಅನುಕೂಲ ಕಲ್ಪಿಸಬೇಕೆನ್ನುತ್ತದೆ.

1951ರಲ್ಲಿ ನಮ್ಮ ಮದ್ರಾಸ್ ರಾಜ್ಯದಿಂದಲೇ ಒಂದು ದೊಡ್ಡ ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಕಾಲೇಜು ಸೀಟುಗಳನ್ನು ಜಾತಿವಾರು ಹಂಚುವ ಸರ್ಕಾರದ ಆಜ್ಞೆ ಬಿದ್ದುಹೋಯಿತು. ಅದೇ ವರ್ಷ ಮೊದಲ ತಿದ್ದುಪಡಿ ಬಂದು, ಹಿಂದುಳಿದವರಿಗೂ ಪರಿಶಿಷ್ಟರಿಗೂ ವಿಶೇಷ ಏರ್ಪಾಡು ಮಾಡಬಹುದೆಂದು 15ನೇ ವಿಧಿಗೆ ಸೇರಿಸಿತು. ಹಿಂದೆ ಬಿದ್ದವರಿಗೆ ಕೈ ಕೊಟ್ಟು ಎತ್ತುವುದು ಸಮಾನತೆಗೆ ವಿರೋಧವಲ್ಲ ಎಂದು ದೇಶ ಒಪ್ಪಿಕೊಂಡಿತು.

ಈ ಮಾತು ನಮಗೂ ಅನ್ವಯಿಸುತ್ತದೆ. ಕನ್ನಡದವರೆಂದು ನಾವು ಹಕ್ಕು ಕೇಳುತ್ತೇವೆ, ಕೇಳಬೇಕು. ಆದರೆ ನಮ್ಮ ಅಂಗಡಿಗೆ, ನಮ್ಮ ಮನೆ ಬಾಗಿಲಿಗೆ ಬರುವ ಇರುಳರನ್ನೂ ಕುರುಂಬರನ್ನೂ ನಾವು ಹೇಗೆ ಮಾತನಾಡಿಸುತ್ತೇವೆ? ಅಂಗಡಿಗೆ, ಹೋಟೆಲಿಗೆ, ಬಾವಿಗೆ ಹೋಗಲು ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಅದೇ 15ನೇ ವಿಧಿ ಹೇಳುತ್ತದೆ. ಆ ಮಾತು ಸರ್ಕಾರಕ್ಕೆ ಮಾತ್ರವಲ್ಲ, ನಮಗೂ ಹೇಳಿದ್ದು.

ಆ ಮುದುಕಿ ಬಂದು ಹೋದ ಮೇಲೆ ನಾನು ಕೌಂಟರಿನ ಪಕ್ಕದಲ್ಲಿ ಒಂದು ಸ್ಟೂಲು ಇಡಿಸಿದೆ. ಬರೆಯಲು ಬಾರದವರು ಅಲ್ಲಿ ಕೂರುತ್ತಿದ್ದರು. ನಾನು ಬರೆದು, ಓದಿ ಹೇಳಿ, ಹೆಬ್ಬೆಟ್ಟು ಹಾಕಿಸುತ್ತಿದ್ದೆ. ಒಬ್ಬೊಬ್ಬರಿಗೆ ಐದು ನಿಮಿಷ ಹಿಡಿಯುತ್ತಿತ್ತು. ಸಾಲಿನಲ್ಲಿ ನಿಂತವರು ಮೊದಮೊದಲು ಗೊಣಗಿದರು. ಆಮೇಲೆ ಅವರೇ "ಅವ್ವಾ, ನೀವು ಅಲ್ಲಿ ಕೂತುಕೊಳ್ಳಿ" ಎಂದು ಸ್ಟೂಲು ತೋರಿಸತೊಡಗಿದರು.